ಮುಧೋಳದ ಬಾಟಲಿ ಹಡಗು ಹತ್ತಿದ್ದು

ಕೆಲವರನ್ನು ತಮಾಷೆ ಹುಡುಕಿಕೊಂಡು ಬರುತ್ತದೆ, ಅದೂ ಸರಿಯಾಗಿ ಊಟದ ಹೊತ್ತಿಗೆ. ನಾನು ಜಮಖಂಡಿಯ ಪಾನನಿಷೇಧ ಕಚೇರಿಯಲ್ಲಿ ಕಾರಕೂನನಾಗಿದ್ದವನು. ಒಂದೇ ಒಂದು ಹನಿ ಬಿಟ್ಟರೆ ಜನ್ಮದಲ್ಲಿ ಕುಡಿದವನಲ್ಲ. ಆದರೂ ನಾನು ಕಂಡ ದೊಡ್ಡ ದೊಡ್ಡ ಸೋಜಿಗಕ್ಕೆಲ್ಲ ಒಂದು ಬಾಟಲಿಯೇ ಕಾರಣ. ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಸಂಸ್ಥಾನಗಳು ಹೋಗಿ ಪಾನನಿಷೇಧ ಬಂದಿತ್ತು. ಡಾಕ್ಟರ ಚೀಟಿ ತಂದ ರೋಗಿಗೆ ಮಾತ್ರ ಬಾಟಲಿ ಇಟ್ಟುಕೊಳ್ಳಲು ಪರ್ಮಿಟ್ಟು.

೧. ರೋಗ ಯಾವುದು?

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದೆ. ಬಿಳಿ ರುಮಾಲು, ಕೊರಳಲ್ಲಿ ತುಳಸಿ ಮಾಲೆ, ಹಣೆಯ ಮೇಲೆ ಗೋಪಿಚಂದನ ಇದ್ದ ಮುದುಕನೊಬ್ಬ ಮುಧೋಳದಿಂದ ಬಂದು ಪರ್ಮಿಟ್ಟು ಕೇಳಿದ.

“ರೋಗ ಏನೈತ್ರಿ ಅಜ್ಜಾರ?”

“ಏನೂ ಇಲ್ರಿ. ಕಲ್ಲು ತಿಂದು ಕರಗಸ್ತೇನಿ.”

“ದಿನಕ್ಕ ಎಷ್ಟು ಕುಡೀತೀರಿ?”

ಅಜ್ಜ ಎರಡೂ ಕಿವಿ ಮುಚ್ಚಿಕೊಂಡ. “ಪಾಂಡುರಂಗಾ! ನಾ ಮಾಲಿ ಹಾಕ್ಕೊಂಡಾಂವ. ನಾ ಯಾಕ ಕುಡೀಲ್ರಿ? ನನಗ ಮಂದಿ ಬಟ್ಟಲಕ್ಕ ಸುರುವಾಕ ಪರ್ಮಿಟ್ಟು ಬೇಕು.”

ಅಜ್ಜ ಒಬ್ಬ ಜಹಗೀರದಾರರ ಅತಿಥಿ ಬಂಗಲೆಯಲ್ಲಿ ಮೂವತ್ತು ವರ್ಷ ಬಟ್ಲರ್ ಆಗಿದ್ದನಂತೆ. ಒಮ್ಮೆ ಬಿಳಿಯ ಅತಿಥಿಯೊಬ್ಬ ಎಲ್ಲರೆದುರು, “ನೆಲದ ಮೇಲೆ ಯಾರಾದರೂ ವೈನು ಸುರುವುತ್ತಾರೆ. ತೂಗಾಡುವ ಹಡಗಿನಲ್ಲಿ ಒಂದು ಹನಿ ಚೆಲ್ಲದೆ ಸುರುವಿದರೆ ನೀನು ಬಟ್ಲರ್” ಎಂದು ನಕ್ಕಿದ್ದನಂತೆ. ಆ ಮಾತು ಅಜ್ಜನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಬಂಗಲೆ ಮುಚ್ಚಿದ ದಿನ ಧಣಿ ಒಂದು ಬಾಟಲಿ ವೈನು ಕೈಗಿತ್ತು ಕಳಿಸಿದ್ದರು.

“ಅದೊಂದು ಬಾಟ್ಲಿ ಹಡಗಿನ್ಯಾಗ ಸುರುವಿದ್ನೆಂದ್ರ ನಾ ಸತ್ರೂ ಅಡ್ಡಿಯಿಲ್ರಿ,” ಎಂದ.

ಆ ಬಾಟಲಿಯನ್ನು ಜಪ್ತಿ ಮಾಡುವುದು ನನ್ನ ಕೆಲಸ. ಆದರೆ ಆ ಮುಖ ನೋಡಿ ನನಗೆ ಕೈ ಬರಲಿಲ್ಲ. ಬಾಟಲಿಯ ಸುದ್ದಿ ನುಂಗಿ, ಬರೀ ಅರ್ಜಿ ತುಂಬಿ ಸಾಹೇಬರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ ವಾಪಸು ಕೊಟ್ಟರು. ಕುಡಿಯುವುದಿಲ್ಲ ಎಂಬ ಒಂದೇ ತಪ್ಪಿಗೆ ನಮ್ಮ ಕಚೇರಿಯಲ್ಲಿ ಪರ್ಮಿಟ್ಟು ಕಳೆದುಕೊಂಡ ಮನುಷ್ಯ ಅವನೊಬ್ಬನೇ.

೨. ಹೊಳೆಯ ಮೇಲೆ ತಾಲೀಮು

ಹೊರಗೆ ಬಂದಾಗ ಅಜ್ಜನನ್ನು ಸಮಾಧಾನ ಮಾಡಲು ಒಂದು ಮಾತು ಆಡಿಬಿಟ್ಟೆ. ಮುಂಬಯಿಯಿಂದ ಗೋವಾಕ್ಕೆ ಹಡಗು ಹೋಗುತ್ತದೆ, ಗೋವಾ ಇನ್ನೂ ಬೇರೆ ಸರಕಾರದ್ದು, ಅದರ ಹದ್ದು ದಾಟಿದ ಮೇಲೆ ನಮ್ಮ ಕಾಯ್ದೆ ಇಲ್ಲ ಎಂದೆ. ಅಷ್ಟೇ ಸಾಕಾಯಿತು.

ಮುಂದಿನ ತಿಂಗಳು ಕಚೇರಿ ಕೆಲಸಕ್ಕೆ ಮುಧೋಳಕ್ಕೆ ಹೋಗಿ ಘಟಪ್ರಭೆಯ ದೋಣಿ ಹತ್ತಿದೆ. ಹೊಳೆ ತುಂಬಿ, ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು. ನಡುವೆ ಅಜ್ಜ ನಿಂತಿದ್ದ. ತೋಳಿನ ಮೇಲೆ ಬಿಳಿ ವಸ್ತ್ರ, ಕೈಯಲ್ಲಿ ಹಳೇ ಬಾಟಲಿ, ಅದರೊಳಗೆ ಮಜ್ಜಿಗೆ. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬ ಗಂಟು ಅಪ್ಪಿಕೊಂಡು ಕೂತಿದ್ದ. ಅವನ ಮೊಣಕಾಲೇ ಮೇಜು, ಅದರ ಮೇಲೊಂದು ವಾಟಗ, ಹಿತ್ತಾಳೆಯ ಸಣ್ಣ ಬಟ್ಟಲು.

“ಅಜ್ಜಾ, ರೇಷ್ಮಿ ಸೀರಿ ಅದಾವೋ ಮಾರಾಯಾ!”

“ಅಳ್ಳಾಡಬ್ಯಾಡ್ರಿ ಸಾಹೇಬರ. ಮೇಜು ಮಾತಾಡೂದಿಲ್ಲ.”

ಅಷ್ಟರಲ್ಲಿ ದೋಣಿ ಬಂಡೆಗೆ ಬಡಿಯಿತು. ವ್ಯಾಪಾರಿಯ ಟೋಪಿ ಹೊಳೆಗೆ ಹೋಯಿತು. ಅಂಬಿಗನೂ ಹೋದ. ಮಜ್ಜಿಗೆಯ ಧಾರೆ ಮಾತ್ರ ವಾಟಗದ ಬಾಯಿ ಬಿಟ್ಟು ಕದಲಲಿಲ್ಲ. ಅಂಬಿಗ ನೀರಿನಿಂದ ತಲೆ ಎತ್ತಿದವನು ಅಂಚು ಹಿಡಿಯುವ ಮೊದಲೇ ಕೂಗಿದ:

“ನನ್ನ ಪಾಲಿನ ಮಜ್ಜಗಿ ಯಾರೂ ಕುಡೀಬ್ಯಾಡ್ರಿ!”

೩. ಹಗೇವಿನ ದೇವರು

ಹಡಗಿಗೆ ಹೋಗುವುದೆಂದು ಖಾಯಂ ಆಯಿತು. ಜೊತೆಗೆ ಹೋಗಲು ನಾನೂ ರಜೆ ಹಾಕಿದೆ. ಅಜ್ಜನ ಕೈ ಒಮ್ಮೆ ನೋಡಿದವನಿಗೆ ಬಿಟ್ಟಿರಲು ಆಗುವಂತಿರಲಿಲ್ಲ.

ಬಾಟಲಿ ಎಲ್ಲಿ ಎಂದರೆ, ಅಂಗಳದ ಹಗೇವಿನಲ್ಲಿ! ಜೋಳ ತುಂಬಿ ಮಣ್ಣು ಮುಚ್ಚುವ ನೆಲದೊಳಗಿನ ಕಣಜದಲ್ಲಿ, ಕೆಂಪು ವಸ್ತ್ರ ಸುತ್ತಿ, ಜೋಳದ ತಳಕ್ಕೆ ಹೂತಿಟ್ಟಿದ್ದ. “ಬಂಗಲೇದಾಗ ನೆಲಮಾಳಿಗಿ ಇತ್ತು. ನನಗ ಇದ ನೆಲಮಾಳಿಗಿ,” ಎಂದ.

ಹಗೇವು ತೆಗೆಯಲು ಬೀಳಗಿ ಕಡೆಯ ಕುರುಬ ಹಿರಿಯನೊಬ್ಬ ಬಂದ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಕಂದೀಲು ಇಳಿಬಿಟ್ಟು ಉರಿಯುವುದನ್ನು ನೋಡಿ ಕೆಳಗಿಳಿದ. ಓಣಿಯೆಲ್ಲ ಸುತ್ತ ನೆರೆದಿತ್ತು. ಆಮೇಲೆ ಒಳಗಿಂದ ದನಿ ಬಂತು: “ಎಪ್ಪಾ! ದೇವರು ಸಿಕ್ಕೈತ್ರೋ!”

ಹಿರಿಯ ಕೆಂಪು ಗಂಟು ಹಿಡಿದು ಮೇಲೆ ಬಂದವನೇ ಬೀರೇಶ್ವರನ ಹೆಸರು ಹೇಳಿ ಮುಷ್ಟಿ ತುಂಬ ಭಂಡಾರದ ಅರಿಶಿನ ತೂರಿದ. ಹೆಂಗಸರು ಆರತಿ ತಂದರು.

“ದೇವರಲ್ರೋ,” ಎಂದ ಅಜ್ಜ. ಮಾಲೆ ಹಾಕಿದವನು ಸುಳ್ಳಾಡುವಂತಿಲ್ಲ.

“ಹಂಗಾರ ಏನದು?” ಎಂದು ಜನ ಮುಗಿಬಿದ್ದರು. ಅಜ್ಜ ನನ್ನ ಮುಖ ನೋಡಿದ. ನಿಜ ಹೊರಬಿದ್ದರೆ ಅವನಿಗೆ ಜೈಲು, ನನಗೆ ಮನೆ. ನಾನು ಬೇರೆ ದಾರಿ ಕಾಣದೆ ಆ ಗಂಟಿಗೆ ಉದ್ದಕ್ಕೆ ಅಡ್ಡಬಿದ್ದೆ. ನನ್ನ ಹಿಂದೆ ಓಣಿಯೇ ಅಡ್ಡಬಿತ್ತು. ಕಚೇರಿಯವರು ಬಾಟಲಿ ಹಿಡಿದದ್ದುಂಟು, ಒಡೆದದ್ದುಂಟು. ತೆಂಗಿನಕಾಯಿ ಒಡೆಸಿ ಪ್ರಸಾದ ತಿಂದವನು ನಾನೊಬ್ಬನೇ.

೪. ಸ್ಟೇಷನ್ನಿನ ತಪಾಸಣೆ

ರೈಲು ಹತ್ತುವ ಮುಂಚೆ ಪೊಲೀಸಿನವನೊಬ್ಬ ಅಡ್ಡ ಬಂದ. “ಗಂಟಿನ್ಯಾಗ ಏನೈತಿ?”

“ಸರಾಯಿ ಐತ್ರಿ,” ಎಂದ ಅಜ್ಜ. ನನ್ನ ಜೀವ ಹಾರಿತು.

“ಎಷ್ಟು?”

“ಒಂದ ಬಾಟ್ಲಿ. ವಿಲಾಯತಿದು.”

ಪೊಲೀಸಿನವನು ತುಳಸಿ ಮಾಲೆ ನೋಡಿದ, ಗೋಪಿಚಂದನ ನೋಡಿದ, ಗಂಟಿನ ಮೇಲಿನ ಭಂಡಾರ ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. “ಅಜ್ಜಾರ, ಪೊಲೀಸರ ಕೂಡ ಚಾಷ್ಟಿ ಮಾಡತೀರಲ್ರಿ!” ಎಂದು ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಮುಖ ಗಂಟಿಕ್ಕಿ, ನನ್ನ ಚೀಲ ಬಿಚ್ಚಿಸಿ, ಅಗಸಿ ಚಟ್ನಿಯವರೆಗೂ ಮೂಸಿ ನೋಡಿದ.

೫. ತೂಗಾಡುವ ನೆಲ

ಮುಂಬಯಿಯ ಬಂದರಿನಲ್ಲಿ ಇಬ್ಬರೂ ಮೊದಲ ಸಲ ಸಮುದ್ರ ಕಂಡೆವು. ಕೃಷ್ಣೆಯ ಮಹಾಪೂರವೇ ದೊಡ್ಡದೆಂದು ತಿಳಿದವರು ನಾವು. ಈ ನೀರಿಗೆ ಆಚೆ ದಂಡೆಯೇ ಇಲ್ಲ. “ಯಾವ ಧಣಿದಪಾ ಇದು?” ಎಂದು ಅಜ್ಜ ಕೈ ಮುಗಿದ. ನಾನೂ ಮುಗಿದೆ.

ಮೆಟ್ಟಿಲಲ್ಲೇ ಹಡಗಿನವರು ಗಂಟು ಬಿಚ್ಚಿಸಿದರು. ಪ್ರಯಾಣಿಕರು ತಂದ ಬಾಟಲಿಯನ್ನು ಹಡಗಿನ ಉಗ್ರಾಣಕ್ಕೆ ಒಪ್ಪಿಸಬೇಕು, ಗೋವಾದ ಹದ್ದು ದಾಟಿದ ಮೇಲೆ ತಿರುಗಿ ಕೊಡುತ್ತೇವೆ ಎಂದರು. ಅಜ್ಜನ ಕಥೆ ಕೇಳಿ ಹಡಗಿನ ಅಧಿಕಾರಿ, ಬಿಳಿ ಮೀಸೆಯ ಗೋವಾದವನೊಬ್ಬ, “ಬೆಳಿಗ್ಗೆ ನನ್ನ ಮೇಜಿಗೇ ಸುರುವು” ಎಂದು ಮರಾಠಿಯಲ್ಲಿ ಹೇಳಿದ.

ಬೆಳಿಗ್ಗೆ ಹಡಗು ಹದ್ದು ದಾಟಿತು, ಬಾಟಲಿ ತಿರುಗಿ ಕೈಗೆ ಬಂತು. ಗಾಳಿ ಎದ್ದು ಹಡಗು ಹೊಯ್ದಾಡುತ್ತಿತ್ತು. ನಾನು ಕಂಬ ಅಪ್ಪಿಕೊಂಡು ನಿಂತಿದ್ದೆ. ಬಿಳಿ ಹಾಸಿನ ಮೇಜು, ಒಂದು ಗಾಜಿನ ಬಟ್ಟಲು, ಎದುರಿಗೆ ಅಧಿಕಾರಿ, ಸುತ್ತ ಜನ. ಅಜ್ಜ ಬೂಚು ತೆಗೆದ. ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಮೇಜಿನ ಅಂಚಿಗಿಟ್ಟ. ಆಮೇಲೆ ಬಾಟಲಿ ಬಾಗಿಸಿದ.

ಹಡಗು ಎಡಕ್ಕೆ ವಾಲಿತು, ಅಜ್ಜ ವಾಲಲಿಲ್ಲ. ಬಲಕ್ಕೆ ವಾಲಿತು, ತಟ್ಟೆಗಳು ಜಾರಿ ಬಿದ್ದವು. ಕೆಂಪು ಧಾರೆ ಒಂದೇ ಸಮನೆ ಇಳಿಯಿತು, ತುಂಬಿತು, ನಿಂತಿತು. ಬಿಳಿ ಹಾಸಿನ ಮೇಲೆ ಒಂದು ಹನಿಯೂ ಇಲ್ಲ. ಇಂಥ ಕೈ ನಾನು ಮತ್ತೆ ಕಾಣಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಅಧಿಕಾರಿ ಗುಟುಕರಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ “ಫಸ್ಟ್ ಕ್ಲಾಸ್!” ಎಂದ. ಇನ್ನೊಂದು ಬಟ್ಟಲು, ಮತ್ತೊಂದು ಬಟ್ಟಲು ಎಂದು ಕೇಳಿ ಬಾಟಲಿಯನ್ನೇ ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಅಜ್ಜ ತೋಳಿನ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. “ಅಂದು ನಕ್ಕ ಸಾಹೇಬ ಇವತ್ತ ಇರಬೇಕಾಗಿತ್ರಿ,” ಎಂದ.

ಎಲ್ಲರೂ ಹೋದ ಮೇಲೆ, ಇಷ್ಟೆಲ್ಲ ಪಾಡುಪಡಿಸಿದ ವಸ್ತುವಿನ ರುಚಿ ಹೇಗಿದೆಯೋ ಎಂದು ಬಟ್ಟಲಿನ ತಳದ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಅಯ್ಯೋ! ಹುಣಸೆಹಣ್ಣೂ ಸಿಹಿ ಎನಿಸುವಷ್ಟು ಹುಳಿ. ನನ್ನ ಕಣ್ಣು ತಾನಾಗಿ ಮುಚ್ಚಿತು. ಅಧಿಕಾರಿ ಯಾಕೆ ಕಣ್ಣು ಮುಚ್ಚಿದ ಎಂಬುದೂ ತಿಳಿಯಿತು.

“ಅಜ್ಜಾರ, ಇದು ಪೂರಾ ಕೆಟ್ಟೈತ್ರಿ!”

“ಗೊತ್ತೈತ್ರಿ. ಬೂಚು ಮೂಸಿದಾಗ ಗೊತ್ತಾತು.”

“ಮತ್ತ ಹೇಳಬಾರದಿತ್ತೇನ್ರಿ? ಮಾಲಿ ಹಾಕ್ಕೊಂಡೀರಿ!”

ಅಜ್ಜ ಖಾಲಿ ಬಾಟಲಿಯನ್ನು ವಸ್ತ್ರದಿಂದ ಒರೆಸಿ, ಮೇಜಿನ ನಟ್ಟನಡುವೆ ನಿಲ್ಲಿಸಿದ.

“ಕೇಳಿದ್ರ ಹೇಳತಿದ್ದೆ. ಬಂಗಲೇದಾಗೂ ಅರ್ಧಕ್ಕರ್ಧ ಬಾಟ್ಲಿ ಹಿಂಗ ಹುಳಿ ಇರತಿದ್ದೂ. ಮೂವತ್ತ ವರ್ಷ ಸುರುವೇನಿ. ಎಲ್ಲಾರೂ ಫಸ್ಟ್ ಕ್ಲಾಸ್ ಅಂದ್ರು, ಒಬ್ಬ ಸಾಹೇಬನೂ ಕೇಳಲಿಲ್ರಿ.”