ನನ್ನ ಹೆಸರಿನ ನಿಲ್ದಾಣದಲ್ಲಿ ನಿಲ್ಲದ ಎಂಜಿನ್ನಿಗೆ

ಆಟದ ರೈಲಿನ ಎಂಜಿನ್ನರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಮನೆಯ ಒಳಕೋಣೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಸುತ್ತಿ ಸುತ್ತಿ ಎಲ್ಲಿಗೂ ತಲುಪದ ತಮ್ಮ ಅವಿರತ ಸೇವೆಗೆ ತಲೆಬಾಗಿ, ದೇವರು ತಮ್ಮ ಗಾಲಿಗಳನ್ನು ತಣ್ಣಗಿಟ್ಟಿರಲಿ ಎಂದು ಹಾರೈಸಿ, ಈ ಮನೆಯ ಟೈಲರರ ಹೆಂಡತಿ ಮಾಡಿಕೊಳ್ಳುವ ಅರಿಕೆ.

ತಾವು ಬಂದದ್ದು ಚಪ್ಪಲಿ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ. ಒಂದು ಸುತ್ತು ಹಳಿ, ಅದನ್ನು ಕೂರಿಸಲು ಒಂದು ಹಲಗೆ, ಅಲ್ಲಿಗೆ ಖರ್ಚು ಮುಗಿಯಿತು ಎಂದು ನಮ್ಮವರು ಅಂದಿದ್ದರು. ಆದರೆ ಅವರದು ಮಕ್ಕಳ ಅಂಗಿಯಲ್ಲೂ ಮುಂದೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಮಾರ್ಜಿನ್ ಬಟ್ಟೆ ಮಡಚಿಟ್ಟೇ ಹೊಲಿಯುವ ಕೈ. ತಮ್ಮ ಬಜೆಟ್ಟನ್ನೂ ಹಾಗೆಯೇ ಹೊಲಿದರು. ಸೇತುವೆಗೆ ಒಂದು ಮಡಿಕೆ ಬಿಚ್ಚಿದರು, ಗುಡ್ಡಕ್ಕೆ ಇನ್ನೊಂದು. ಸಿಗ್ನಲ್ ದೀಪದ ಹೊತ್ತಿಗೆ ಬಿಚ್ಚಲು ಏನೂ ಉಳಿಯದೆ ನನ್ನ ಹೊಸ ಮಿಕ್ಸಿಗೆಂದು ಇಟ್ಟ ದುಡ್ಡಿಗೇ ಕತ್ತರಿ ಬಿತ್ತು. ಆ ದೀಪ ಬಹಳ ಚೆನ್ನಾಗಿದೆ. ಅದರಲ್ಲಿ ಏನನ್ನೂ ರುಬ್ಬಲಾಗುವುದಿಲ್ಲ, ಅಷ್ಟೇ.

ಹಲಗೆಯದೂ ಅದೇ ಕಥೆ. ಕೊರಳ ಟೇಪಿನಲ್ಲೇ ಕೋಣೆ ಅಳೆದು, "ಇರಲಿ ಕಣೇ, ಒಂದಿಷ್ಟು ಜಾಸ್ತಿ ಇದ್ದರೆ ಕೆಡೋದಿಲ್ಲ" ಎಂದು ನಾಲ್ಕೂ ಬದಿಗೆ ಮಾರ್ಜಿನ್ ಬಿಟ್ಟು, ಒಳಗೇ ಕೂತು ಜೋಡಿಸಿದರು. ನಡೆದಾಡುವ ಜಾಗವನ್ನು ಮಾರ್ಜಿನ್ ತಿಂದಿತು. ಈಗ ಹಲಗೆ ಬಾಗಿಲಲ್ಲಿ ಹೊರಗೆ ಹೋಗುವುದಿಲ್ಲ, ಮಂಚ ಒಳಗೆ ಬರುವುದಿಲ್ಲ. ಬರುವ ವಾರ ಮಗಳು ಕೈಗೂಸಿನೊಂದಿಗೆ ಬರುತ್ತಾಳೆ. ಅವಳಿಗೆಂದು ಇದ್ದದ್ದು ಅದೊಂದೇ ಕೋಣೆ. "ಅಮ್ಮ, ನಾವು ಮಲಗೋದು ಗುಡ್ಡದ ಮೇಲಾ, ಸುರಂಗದೊಳಗಾ?" ಎಂದು ಫೋನಿನಲ್ಲಿ ನಕ್ಕಳು. ಆ ನಗು ಪೂರ್ತಿ ನಗುವಲ್ಲ ಎಂಬುದು ಹೆತ್ತವಳಿಗೆ ತಿಳಿಯುತ್ತದೆ.

ಆದ್ದರಿಂದ ತಾವು ದಯಮಾಡಿ ಹಳಿಯಿಂದಿಳಿದು ತೊಟ್ಟಿಲು ತೂಗಬೇಕು, ಮಗು ಮಲಗಿದಾಗ ಗಾಲಿ ನೆಲಕ್ಕೆ ತಾಗದಂತೆ ಓಡಬೇಕು. ದೇವರ ಮುಂದೆ ನಾನು ಕಣ್ಣು ಮುಚ್ಚಿದೊಡನೆ ಕೂ ಎನ್ನುವುದನ್ನೂ ಬಿಡಬೇಕು. ನನ್ನ ಬೇಡಿಕೆಗಳೆಲ್ಲ ಸಿಗ್ನಲ್ ಸಿಗದೆ ಅರ್ಧದಾರಿಯಲ್ಲೇ ನಿಂತಿವೆ.

ನನ್ನ ಬಾಯಿ ಮುಚ್ಚಿಸಲೆಂದು ನಮ್ಮವರು ಮೂಲೆಯ ನಿಲ್ದಾಣಕ್ಕೆ ನನ್ನ ಹೆಸರನ್ನೇ ಬರೆದಿದ್ದಾರೆ, ಕೆಂಪು ಬಣ್ಣದಲ್ಲಿ, ಮುತ್ತು ಪೋಣಿಸಿದಂತೆ. ಸುಳ್ಳೇಕೆ, ಸಂತೋಷವೇ ಆಯಿತು. ಆದರೆ ತಾವು ಅಲ್ಲಿ ನಿಲ್ಲುವುದಿಲ್ಲ. ವಿಚಾರಿಸಿದರೆ, "ಅದು ಎಕ್ಸ್‌ಪ್ರೆಸ್ಸು ಕಣೇ, ಸಣ್ಣ ಸ್ಟೇಷನ್ನಲ್ಲೆಲ್ಲ ನಿಲ್ಲೋದಿಲ್ಲ" ಎಂಬ ಉತ್ತರ ಬಂತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದೇನೂ ಹೊಸ ಸುದ್ದಿಯಲ್ಲ.

ತಮ್ಮ ಹಳಿಯ ಪಕ್ಕದಲ್ಲೇ ಬಾಳುವೆ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಸಣ್ಣ ಸ್ಟೇಷನ್ನಿನ ಹೆಸರಿನವಳು

ಮರೆತ ಮಾತು: ನಾಳೆ ಬಡಗಿ ಬರುತ್ತಾನೆ. ದೊಡ್ಡದಾದ ಅಂಗಿಯನ್ನು ಕತ್ತರಿಸಿ ಸರಿಮಾಡುವುದರಲ್ಲಿ ಅವಮಾನವೇನಿಲ್ಲ ಎಂದು ನಮ್ಮವರು ಗಿರಾಕಿಗಳಿಗೆ ಹೇಳುವ ಮಾತನ್ನೇ ಅವರಿಗೆ ಹೇಳಿದೆ. ಆಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಹಲಗೆಯ ಮೇಲೆ ಅವರೇ ಗೆರೆ ಎಳೆದರು. ಗುಡ್ಡವೂ ಸೇತುವೆಯೂ ಹೋಗಿ ಆ ಜಾಗಕ್ಕೆ ಮಂಚ ಬರುತ್ತದೆ. ಉಳಿದ ಹಳಿ ನನ್ನ ನಿಲ್ದಾಣದ ಮುಂದೆಯೇ ಮುಗಿಯುವಂತೆ ಗೆರೆ ಬಿದ್ದಿದೆ. ಇನ್ನು ತಾವು ಎಕ್ಸ್‌ಪ್ರೆಸ್ಸೇ ಆಗಿರಿ, ಅಲ್ಲಿ ನಿಲ್ಲಲೇಬೇಕು.