ಫ್ರೆಂಚ್ ಪ್ರೇಮಿಗೆ ನಮ್ಮೂರಿನ ಬೈಗುಳ

ಮೈಕ್ ಸೆಟ್ಟು, ಪ್ರೊಜೆಕ್ಟರು ಬಾಡಿಗೆಗೆ ಕೊಡುವವನ ಬಾಳಿನಲ್ಲಿ ಜಗಳಕ್ಕೆ ರಜೆ ಅನ್ನುವುದೇ ಇಲ್ಲ. ಮದುವೆಯಲ್ಲಿ ಅನ್ನ ಸೀದರೂ ನನಗೇ ಬೈಗುಳ, ಭಾಷಣಕಾರ ತಡವಾಗಿ ಬಂದರೂ ನನಗೇ ಬೈಗುಳ. ಜನರ ಕೈಗೆ ಸಿಗುವ ಹಾಗೆ ವೈರು ಹಿಡಿದು ನಿಂತಿರುವವನು ನಾನೊಬ್ಬನೇ ತಾನೆ! ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ತಿಂದ ಬೈಗುಳವೆಲ್ಲ ಒಂದು ತೂಕವಾದರೆ, ಹೋದ ವರ್ಷ ಒಂದು ಫ್ರೆಂಚ್ ಸಿನಿಮಾದಿಂದ ತಿಂದದ್ದೇ ಇನ್ನೊಂದು ತೂಕ.

ಆ ಸಿನಿಮಾ ತಂದವರು ಒಬ್ಬ ಮೇಡಂ. ಬೆಂಗಳೂರಿನ ಕಾಲೇಜಿನಲ್ಲಿ ಫ್ರೆಂಚ್ ಪಾಠ ಹೇಳಿ ನಿವೃತ್ತರಾಗಿ, ಅಪ್ಪ ಗಣಿಗೆ ಇಳಿದು ದುಡಿದ ಕೆಜಿಎಫ್‌ಗೇ ವಾಪಸು ಬಂದವರು. ಅವರ ಜೊತೆ ಪಾಠ ಮಾಡುತ್ತಿದ್ದ ಯಾರೋ "ನಿಮ್ಮ ಕಡೆಯವರಿಗೆ ಹೊಡೆದಾಟದ ಸಿನಿಮಾ ಸಾಕು ಬಿಡಿ" ಅಂದಿದ್ದರಂತೆ. ಅವತ್ತು ಏರಿದ ಸಿಟ್ಟು ಇಳಿದಿರಲಿಲ್ಲ. "ನಮ್ಮ ಜನ ಇದನ್ನ ಕೊನೇವರೆಗೂ ಕೂತು ನೋಡ್ತಾರೆ. ನೋಡದೆ ಏನು ಮಾಡ್ತಾರೆ, ನಾನೂ ನೋಡ್ತೀನಿ!" ಅಂತ ನನ್ನ ಅಂಗಡಿಯ ಗಲ್ಲಾ ಮೇಜು ಗುದ್ದಿ ಹೇಳಿದರು. ಗುದ್ದಿದ ರಭಸಕ್ಕೇ ನನಗೆ ಮುಂದಿನದು ಗೊತ್ತಾಗಬೇಕಿತ್ತು.

ಬಾಗಿಲು

ಮೊದಲ ಪ್ರದರ್ಶನ ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಒಂದು ಹಳೇ ಹಾಲ್‌ನಲ್ಲಿ. ಭಾನುವಾರ ಮಧ್ಯಾಹ್ನ. ಗಣಿಯಲ್ಲಿ ದುಡಿದ ಹಿರಿಯರು ಮನೆಮಂದಿಯ ಸಮೇತ ಬಂದು ಕೂತಿದ್ದರು. ಸಿನಿಮಾ ಶುರುವಾಯಿತು. ಪರದೆಯ ಮೇಲೆ ಒಂದು ಬಾಗಿಲು. ಮುಚ್ಚಿದ ಬಾಗಿಲು. ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ. ಸಂಗೀತವೂ ಇಲ್ಲ.

"ಪಿಚ್ಚರ್ ನಿಂತೋಯ್ತು ಕಣ್ಲಾ, ನೋಡ್ಲಾ!" ಅಂತ ಹಿಂದಿನಿಂದ ಒಬ್ಬ ಕೂಗಿದ.

ಮುಂದಿನ ಸಾಲಿನ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಎನ್ನಪ್ಪಾ, ಬಾಗಿಲು ನೋಡಕ್ಕೆ ಇಲ್ಲಿಗೆ ಬರ್ಬೇಕಾ? ನಮ್ಮನೇಲಿ ಬಾಗಿಲು ಇಲ್ವಾ?"

ನನಗೂ ಗಾಬರಿಯಾಯಿತು. ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಮೊದಲಿನಿಂದ ಹಾಕಿದೆ. ಮೇಡಂ ಧಾವಿಸಿ ಬಂದರು.

"ಯಾಕ್ರೀ ನಿಲ್ಲಿಸಿದ್ರಿ? ಅದು ನಿಂತಿರಲಿಲ್ಲ, ಕಾಯ್ತಾ ಇತ್ತು!"

"ಯಾರನ್ನ ಮೇಡಂ?"

"ಪ್ರೀತಿಯನ್ನ!"

ಹೀಗಾಗಿ ಜನ ಆ ಬಾಗಿಲನ್ನು ಇನ್ನೊಂದು ಸಲ ಪೂರ್ತಿ ನೋಡಬೇಕಾಯಿತು. ಅರ್ಧ ಹಾಲ್ ಎದ್ದು ಹೋಯಿತು. ಹೋಗುವಾಗ ತಮಿಳು, ತೆಲುಗು, ಕನ್ನಡ ಮೂರರಲ್ಲೂ ನನ್ನನ್ನು ವಿಚಾರಿಸಿಕೊಂಡೇ ಹೋಯಿತು.

ಆಮೇಲೆ ನಾಯಕಿ ಬಂದಳು. ಕಿಟಕಿಯ ಗಾಜಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ಇಟ್ಟ ಹಾಗೇ ಇತ್ತು. ನನಗೆ ಒಂದು ಸಲ ಬುದ್ಧಿ ಬಂದಿತ್ತು, ಯಾವ ಬಟನ್ನನ್ನೂ ಮುಟ್ಟಲಿಲ್ಲ. ಉಳಿದ ಜನ ಮೇಡಂ ಕಣ್ಣಿಗೆ ಹೆದರಿ ಉಸಿರೆತ್ತಲಿಲ್ಲ. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿ, ಎಂಥ ಏಕಾಗ್ರತೆ! ಎಂಥ ಶಾಟ್!" ಅಂದರು. ಬಹಳ ಹೊತ್ತಾದ ಮೇಲೆ ಅನುಮಾನ ಬಂದು ಬಗ್ಗಿ ನೋಡಿದೆ. ಈ ಸಲ ಲ್ಯಾಪ್‌ಟಾಪ್ ನಿಜವಾಗಿಯೂ ಹ್ಯಾಂಗ್ ಆಗಿತ್ತು.

ಅಸ ಕರೀದ ಮನೆ

ಎರಡನೆಯದು ಬೂದಿಕೋಟೆಯಲ್ಲಿ, ಡೈರಿಯ ಮುಂದಿನ ಬಯಲಲ್ಲಿ. ಸಂಜೆ ಹಾಲು ಹಾಕಿ ಮುಗಿಸಿದ ಹೆಂಗಸರು ಖಾಲಿ ಕ್ಯಾನು ಪಕ್ಕಕ್ಕಿಟ್ಟು ಕೂತರು. ಬಾಗಿಲಿನ ಭಾಗವನ್ನು ಮೇಡಂಗೆ ಹೇಳದೆ ಮುಂದಕ್ಕೆ ಓಡಿಸಿಬಿಟ್ಟಿದ್ದೆ. ನಾಯಕ ನಾಯಕಿ ಊಟದ ಮೇಜಿನ ಮುಂದೆ ಎದುರುಬದುರು ಕೂತಿದ್ದರು. ಇಬ್ಬರೂ ತುಟಿ ಬಿಚ್ಚಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು.

"ಅವ್ಳು ಅಳ್ತಾವ್ಳೆ, ಇವ್ನು ಕಿಟ್ಕಿ ನೋಡ್ತಾ ಕುಂತವ್ನೆ. ನಾಲ್ಗೆ ಬಿದ್ದೋಗೈತಾ ಇವ್ನಿಗೆ?" ಅಂದಳು ಒಬ್ಬಳು.

"ಪಕ್ಕದ ರೂಮಲ್ಲಿ ಅತ್ತೆ ಇರ್ಬೇಕು ಕಣಕ್ಕಾ" ಅಂದಳು ಇನ್ನೊಬ್ಬಳು.

ಅಷ್ಟರಲ್ಲಿ ಕ್ಯಾಮೆರಾ ಕಿಟಕಿಯಿಂದ ಆಚೆಗೆ ಹೋಯಿತು. ದೂರದ ಹುಲ್ಲುಗಾವಲಲ್ಲಿ ಒಂದು ಕಪ್ಪುಬಿಳಿ ಸೀಮೆ ಹಸು. ಹೆಂಗಸರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು.

"ಅಯ್ಯೋ, ಕೆಚ್ಚಲು ನೋಡ್ರೇ! ಬಿಗ್ದು ನಿಂತೈತೆ. ಒತ್ತು ಮುಳುಗ್ತಾ ಬಂತು, ಇನ್ನೂ ಯಾರೂ ಕರ್ದೇ ಇಲ್ಲ!"

"ಒಳಗೆ ಕುಂತ್ಕೊಂಡು ಮುಖ ಮುಖ ನೋಡ್ಕಂತಾವ್ರಲ್ಲ, ಒಬ್ರಾದ್ರೂ ಎದ್ದು ಓಗಿ ಕರೀಬಾರ್ದಾ? ಪಾಪದ ಮೂಕ ಪ್ರಾಣಿ!"

ಪರದೆ ಮತ್ತೆ ನಾಯಕನ ಮುಖಕ್ಕೆ ಬಂದದ್ದೇ ತಡ, ಒಬ್ಬ ಅಜ್ಜಿ ಕೋಲು ಊರಿಕೊಂಡು ಎದ್ದು ಹೋಗಿ, "ಏಳ್ಲಾ ಮ್ಯಾಕೆ!" ಅಂತ ಅವನ ಮೂತಿಗೆ ತಿವಿದಳು. ನನ್ನ ಪರದೆ ಹರಿಯಿತು. ಸಿನಿಮಾ ನಿಲ್ಲಿಸಿದೆ. ಮೇಡಂ ಹಲ್ಲು ಕಚ್ಚಿಕೊಂಡು, ಮೈಕ್ ಹಿಡಿದು, ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು: "ಶಾಂತವಾಗಿ ಯೋಚನೆ ಮಾಡಿ. ಆ ಹೆಣ್ಣಿನ ದುಃಖಕ್ಕೆ ಕಾರಣ ಏನು?"

ಅಜ್ಜಿ ಅಲ್ಲೇ ನಿಂತು ಹೇಳಿದಳು: "ಸಂಜೆ ಒತ್ತು ಅಸ ಕರೀದೆ ಬಿಟ್ಟವ್ರೆ. ಆ ಮನೆ ಉದ್ಧಾರ ಆಗ್ತದೇನಮ್ಮಾ?"

ಆ ಕಡೆಯ ಕಥೆ, ಈ ಕಡೆಯ ಕಥೆ

ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳ. ಜನಕ್ಕೆ ಅರ್ಥವಾಗುವ ಹಾಗೆ ಹೇಳಬೇಕು ಅಂತ ನಾನು. ಕಾವ್ಯವನ್ನು ಬಿಡಿಸಿ ಹೇಳಿದರೆ ಸಾಯುತ್ತದೆ ಅಂತ ಅವರು. "ನನ್ನ ಪರದೆ ಈಗಾಗಲೇ ಸತ್ತೋಯ್ತಲ್ಲ ಮೇಡಂ!" ಅಂತ ನಾನೂ ಕಿರುಚಿದೆ. ಕೊನೆಗೆ ಒಪ್ಪಿದರು. ಮೂರನೆಯದು ಕೆಜಿಎಫ್‌ನದೇ ಚಾಂಪಿಯನ್ ರೀಫ್ಸ್‌ನಲ್ಲಿ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ನೋಡಿಕೊಂಡು ಹಾಲ್‌ನ ಎಡಭಾಗಕ್ಕೆ ನಾನು ಕನ್ನಡದಲ್ಲಿ ಹೇಳುವುದು, ಬಲಭಾಗಕ್ಕೆ ಅಲ್ಲಿಯೇ ವಾಸವಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರು ತಮಿಳಿನಲ್ಲಿ ಹೇಳುವುದು ಅಂತಾಯಿತು.

ನಾಯಕ ಕೇಳಿದ. ನಾನು ಹೇಳಿದೆ: "ನೀನು ನನ್ನನ್ನು ಪ್ರೀತಿಸ್ತೀಯಾ?"

ನಾಯಕಿ: "ಗೊತ್ತಿಲ್ಲ."

"ಎಲ್ಲಿಗೆ ಹೋಗ್ತೀಯಾ?"

"ಗೊತ್ತಿಲ್ಲ."

"ಇವತ್ತು ಯಾವ ವಾರ?"

"ಗೊತ್ತಿಲ್ಲ."

ಎಡಗಡೆಯಿಂದ ಒಬ್ಬ ಎದ್ದು ನಿಂತ. "ಅವ್ಳಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ, ನಮ್ಮನ್ನ ಯಾಕ್ಲಾ ಕರೆದೆ?"

ಅದೇ ಹೊತ್ತಿಗೆ ಬಲಗಡೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೆಂಗಸರು ಮೂಗು ಸೀಟಲು ಶುರುಮಾಡಿದರು. ಕಿವಿಗೊಟ್ಟು ಕೇಳಿದರೆ, ಕಂಡಕ್ಟರು ಇಂಗ್ಲಿಷ್ ಅಕ್ಷರದ ಕಡೆ ನೋಡುತ್ತಲೇ ಇಲ್ಲ! ನಾಯಕಿಗೆ ಒಬ್ಬ ಕುಡುಕ ಅಣ್ಣ, ನಾಯಕನಿಗೆ ಮುಚ್ಚಿದ ಗಣಿಯಲ್ಲಿ ಕೆಲಸ ಹೋದ ಅಪ್ಪ, ನಡುವೆ ಒಂದು ಕದ್ದ ಸರ, ಎಲ್ಲವನ್ನೂ ಸ್ವಂತವಾಗಿ ಸೇರಿಸಿ ಕಥೆ ಕಟ್ಟುತ್ತಿದ್ದಾರೆ. ಎಡಗಡೆಯವರ ಸಿಟ್ಟು ನೆತ್ತಿಗೇರಿತು.

"ಆ ಕಡೆಯವ್ರಿಗೆ ಒಳ್ಳೇ ಪಿಚ್ಚರ್, ನಮಗೆ ಮಾತ್ರ ಈ ದರಿದ್ರದ್ದಾ? ಇದ್ಯಾವ ನ್ಯಾಯ?"

ಕುರ್ಚಿ ಎತ್ತಿಕೊಂಡು ಎಲ್ಲರೂ ಬಲಕ್ಕೆ ಹೊರಟರು. ತಮಿಳು ಬಾರದವರೂ ಹೊರಟರು. ಮೇಡಂ "ಇದು ಮೋಸ! ಇದು ನಿರ್ದೇಶಕನಿಗೆ ಮಾಡುವ ದ್ರೋಹ!" ಅಂತ ಕೂಗುತ್ತಿರುವಾಗಲೇ ಕರೆಂಟು ಹೋಯಿತು. ಸದ್ಯ, ಎಲ್ಲರೂ ಮನೆಗೆ ಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಅಲುಗಾಡಲಿಲ್ಲ. ಕತ್ತಲ ಹಾಲ್‌ನಲ್ಲಿ, ಸಿನಿಮಾನೇ ಇಲ್ಲದೆ, ಕಂಡಕ್ಟರು ಕಥೆ ಮುಂದುವರಿಸಿ, ಅಣ್ಣನಿಗೆ ಕುಡಿತ ಬಿಡಿಸಿ, ಸರ ವಾಪಸು ಕೊಡಿಸಿ, ಇಬ್ಬರಿಗೂ ಮದುವೆ ಮಾಡಿಸಿಯೇ ಬಿಟ್ಟರು. ಜನ ಚಪ್ಪಾಳೆ ತಟ್ಟಿ ಎದ್ದರು.

ಹತ್ತೋ!

ಬಂಗಾರಪೇಟೆಯದು ಕೊನೆಯದು. "ಇದಾದ ಮೇಲೆ ನನ್ನ ಸಹವಾಸ ಬೇಡ" ಅಂತ ನಾನು ಹೇಳಿಬಿಟ್ಟಿದ್ದೆ. "ನೀವೂ ಹೊಡೆದಾಟದ ಸಿನಿಮಾ ಸಾಕು ಅಂದವರ ಕಡೆಯವರೇ!" ಅಂತ ಮೇಡಂ ಮಾತು ಬಿಟ್ಟಿದ್ದರು. ಸ್ಟೇಷನ್ ಹತ್ತಿರದ ಮದುವೆ ಛತ್ರ. ಬಂದವರಲ್ಲಿ ಮುಕ್ಕಾಲುಪಾಲು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರು. ಮೇಡಂ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ ಕೂತರು. ಒಬ್ಬರಿಗೂ ಎದ್ದು ಹೋಗುವ ಧೈರ್ಯ ಬರಲಿಲ್ಲ. ಜನ ಗೊಣಗಿದರು, ಆಕಳಿಸಿದರು, ನನ್ನ ಕಡೆ ಕೆಕ್ಕರಿಸಿಕೊಂಡು ನೋಡಿದರು. ಅಂತೂ ಮೊದಲ ಸಲ ಸಿನಿಮಾ ಕೊನೆಯ ದೃಶ್ಯಕ್ಕೆ ಬಂತು.

ರೈಲ್ವೆ ಪ್ಲಾಟ್‌ಫಾರಂ. ನಾಯಕಿ ರೈಲು ಹತ್ತಿದಳು. ನಾಯಕ ಕೆಳಗೆ ನಿಂತ. ಬೋಗಿಯ ಬಾಗಿಲು ತೆರೆದೇ ಇತ್ತು. ಅವನು ಸುಮ್ಮನೆ ನಿಂತ.

ಛತ್ರದಲ್ಲಿ ಗೊಣಗಾಟ ನಿಂತಿತು.

"ಹತ್ತಪ್ಪಾ" ಅಂತ ಯಾರೋ ಮೆಲ್ಲಗೆ ಅಂದರು.

ನಾಯಕ ಅಲುಗಾಡಲಿಲ್ಲ.

"ಕಿಟಕಿ ಪಕ್ಕ ಸೀಟು ಖಾಲಿ ಐತೆ! ನಾನೇ ನೋಡ್ದೆ!" ಅಂತ ಒಬ್ಬ ಹೆಂಗಸು ಎದ್ದು ನಿಂತಳು. "ನಾವು ದಿನಾ ಬಾಗಿಲಲ್ಲಿ ನೇತಾಡ್ಕೊಂಡು ಓಗ್ತೀವಿ. ಇವ್ನಿಗೇನು ರೋಗ?"

ಸಿಗ್ನಲ್ ಬಿತ್ತು. ಇಡೀ ಛತ್ರ ಎದ್ದು ನಿಂತಿತು. "ಹತ್ತೋ! ಹತ್ಲಾ! ಎಕ್ಕುರಾ! ಏರುಡಾ!" ಬಂದ ಭಾಷೆಯಲ್ಲೆಲ್ಲ ಕೂಗಿದರು. ರೈಲು ನಿಧಾನಕ್ಕೆ ಕದಲಿತು. "ಓಡೋ, ಈಗ್ಲೂ ಸಿಕ್ತದೆ!" ಆ ಗಲಾಟೆಯನ್ನೆಲ್ಲ ಸೀಳಿಕೊಂಡು ಹಿಂದಿನಿಂದ ಒಂದು ದನಿ ಬಂತು:

"ಹತ್ತೋ ಮುಠ್ಠಾಳ!"

ತಿರುಗಿ ನೋಡಿದರೆ ಮೇಡಂ, ಕುರ್ಚಿಯ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿ ಬಿಗಿದು ಪರದೆಯ ಕಡೆ ಬೀಸುತ್ತಿದ್ದಾರೆ.

ರೈಲು ಹೋಯಿತು. ನಾಯಕ ಅಲ್ಲೇ ಉಳಿದ. ಪರದೆ ಕಪ್ಪಾಯಿತು. ಲೈಟು ಹಾಕಿದೆ. ಯಾರೂ ಕದಲಲಿಲ್ಲ. ಎಲ್ಲರ ಮುಖದಲ್ಲೂ ಕೊಲೆ ಮಾಡುವಷ್ಟು ಸಿಟ್ಟು. ಟೈ ಕಟ್ಟಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ ನನ್ನ ಹತ್ತಿರ ಬಂದು, ಏರಿದ ಉಸಿರಿನಲ್ಲೇ ಹೇಳಿದ: "ಅಣ್ಣಾ, ಆ ರೈಲು ಬರೋದು ಇನ್ನೊಂದ್ಸಲ ಹಾಕು. ಈ ಸಲ ಹತ್ತುತಾನೇನೋ ನೋಡಣ."

"ಹುಚ್ಚಾ ನಿಮಗೆ? ಅದು ಸಿನಿಮಾ ಕಣ್ರೀ! ಎಷ್ಟು ಸಲ ಹಾಕಿದ್ರೂ ಅವನು ಹತ್ತಲ್ಲ!" ಅಂತ ರೇಗಿದೆ.

ಕುರ್ಚಿಯ ಮೇಲಿಂದ ಮೇಡಂ ಗುಡುಗಿದರು: "ಅದನ್ನ ಹೇಳೋಕೆ ನೀನ್ಯಾರಯ್ಯ? ಮೊದಲು ಹಾಕು!"