ಮುದ್ದೆ ಅಗಿದ ಕಪ್ತಾನರಿಗೆ ಒಂದು ಅರಿಕೆ

ಯಾವ ಸಮುದ್ರದ ಮೇಲಿದ್ದರೂ ಅಲ್ಲಿಯೇ ಕ್ಷೇಮವಾಗಿರಬೇಕಾದ ಮಾನ್ಯ ಕಪ್ತಾನರ ಸಮ್ಮುಖಕ್ಕೆ, ಕುಣಿಗಲ್ ತಾಲ್ಲೂಕು ಅಮೃತೂರಿನ ನಿವೃತ್ತ ಹೆಡ್‌ಮಾಸ್ಟರ್ ಚನ್ನಬಸವಯ್ಯನ ಅನಂತ ಶರಣುಗಳು.

ಮಾನ್ಯರೇ,

ಕಳೆದ ವರ್ಷ, ಎಂದರೆ ಎಪ್ಪತ್ತೆಂಟರ ಮಾರ್ಚ್‌ನಲ್ಲಿ, ಮದರಾಸಿನಿಂದ ಸಿಂಗಾಪುರಕ್ಕೆ ಹೊರಟಿದ್ದ ತಮ್ಮ ಹಡಗು ಪೆನಾಂಗ್ ಬಂದರಿನಲ್ಲಿ ಒಂದು ದಿನ ನಿಂತಿತ್ತು. ಅಂದು ಅದು ಎರಡು ಗಂಟೆ ತಡವಾಗಿ ಹೊರಡಲು ನಾನೂ ನನ್ನ ಪತ್ನಿ ಶಿವರುದ್ರಮ್ಮನೂ ಕಾರಣರೆಂದು ತಾವು ಹಡಗಿನ ನೋಟೀಸ್ ಬೋರ್ಡಿನಲ್ಲಿ ಪ್ರಕಟಿಸಿದಿರಿ. ಮೂವತ್ತು ವರ್ಷ ಬೇರೆಯವರ ಹೆಸರನ್ನು ಬೋರ್ಡಿಗೆ ಏರಿಸಿದ ನನಗೆ ಈ ಗೌರವ ಸಂದದ್ದು ಇದೇ ಮೊದಲು. ಅದಕ್ಕೆ ಕೃತಜ್ಞತೆ ಸಲ್ಲಿಸುತ್ತಾ, ನಡೆದದ್ದನ್ನು ನಡೆದಂತೆ ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಸಿಂಗಾಪುರದಲ್ಲಿರುವ ನನ್ನ ಭಾವಮೈದ ಷಡಕ್ಷರಿ, ಅಕ್ಕನನ್ನು ನೋಡಬೇಕೆಂದು ಟಿಕೆಟ್ ಕಳುಹಿಸಿದ್ದ. ಕುಣಿಗಲ್ ಕೆರೆಗಿಂತ ದೊಡ್ಡ ನೀರನ್ನು ಕಾಣದ ಶಿವರುದ್ರಮ್ಮ ಬರುವುದಿಲ್ಲವೆಂದಳು. ನಾನೇ ಹಟ ಹಿಡಿದು ಕರೆತಂದೆ. ಹಡಗು ಹತ್ತಿದ ಮೇಲೆ, ಮೀನು ಬೆಂದ ಪಾತ್ರೆಯಲ್ಲಿ ಬೆಂದ ಅನ್ನವನ್ನು ಮುಟ್ಟುವುದಿಲ್ಲವೆಂದಳು. ತಂದಿದ್ದ ಅವಲಕ್ಕಿ ಮೂರು ದಿನಕ್ಕೆ ಮುಗಿಯಿತು. ರಾಗಿಹಿಟ್ಟೂ ಪಂಪ್ ಸ್ಟೌವೂ ನಮ್ಮ ಗಂಟಿನಲ್ಲಿದ್ದವು. ಆದರೆ ಹಡಗಿನಲ್ಲಿ ಬೆಂಕಿ ಹಚ್ಚಬಾರದೆಂದು ತಮ್ಮವರು ಸ್ಟೌವನ್ನು ಸೆರೆಯಲ್ಲಿಟ್ಟರು. ಅಂಗೈಯಗಲದ ಸ್ಟೌವಿಗೂ ಇಷ್ಟು ಅಂಜುವ ವೀರರ ಕೈಯಲ್ಲಿ ನಾವು ಸುರಕ್ಷಿತವಾಗಿದ್ದೇವೆಂದು ನಾನು ಹೆಮ್ಮೆಪಟ್ಟೆ. ಆದರೆ ಪೆನಾಂಗ್ ಬರುವ ಹೊತ್ತಿಗೆ ಅವಳು ಎರಡು ದಿನ ಬರೀ ನೀರು ಕುಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿ, ನನ್ನೊಡನೆ ಮಾತನ್ನೂ ಬಿಟ್ಟಿದ್ದಳು. ಇವಳಿಗೇನಾದರೂ ಆದರೆ ಗತಿಯೇನೆಂದು ನನಗೆ ಕೈಕಾಲು ಆಡಲಿಲ್ಲ.

ಆದಕಾರಣ, ರಿಪೇರಿಗೆಂದು ಸುಳ್ಳು ಹೇಳಿ ಸ್ಟೌ ಬಿಡಿಸಿಕೊಂಡು, ಅವಳನ್ನು ಕೈಹಿಡಿದು ಇಳಿಸಿ, ಬಂದರಿನ ಗೇಟಿನಾಚೆ ಒಂದು ಮರದಡಿ ಕೂರಿಸಿ, ಸೀಮೆಎಣ್ಣೆ, ಬೇಳೆ, ಸೊಪ್ಪು ಹುಡುಕಿ ತಂದೆ. ಎಸರು ಕುದಿಯುತ್ತಲೇ ಅವಳ ಮುಖಕ್ಕೆ ಕಳೆ ಬಂತು. ಅವಳು ಮುದ್ದೆ ತಿರುವುತ್ತಿದ್ದಾಗ, ತರಕಾರಿ ಬುಟ್ಟಿ ಹೊತ್ತು ಹಡಗಿಗೆ ಮರಳುತ್ತಿದ್ದ ತಮ್ಮ ಮುಖ್ಯ ಅಡಿಗೆಯವನು ಗಕ್ಕನೆ ನಿಂತ.

"ಅವ್ವಾ, ಯಾವೂರು ನಿಮ್ದು?" ಎಂದ.

"ಅಮೃತೂರು ಕಣಪ್ಪ. ಕೂತ್ಕೊ, ಬಿಸಿಬಿಸೀದು ಉಣ್ಣೀವಂತೆ," ಎಂದಳು ಇವಳು.

ಅವನು ಹುಲಿಯೂರುದುರ್ಗದ ಗಂಗಹನುಮಯ್ಯ. ಹದಿಮೂರು ವರ್ಷದಿಂದ ಮುದ್ದೆಯ ಮುಖ ಕಂಡವನಲ್ಲ. ಮೊದಲ ಮುದ್ದೆಗೆ ಕಣ್ಣೊರೆಸಿಕೊಂಡ. ಎರಡನೆಯದಕ್ಕೆ ಊರಿನಲ್ಲಿರುವ ಅಕ್ಕ ನಿಂಗಮ್ಮನ ಸುದ್ದಿ ಹೇಳಿದ. ಮೂರನೆಯದು ಮುಗಿದದ್ದೇ ಮರಕ್ಕೊರಗಿ ಗೊರಕೆ ಹೊಡೆದ. ಶಿವರುದ್ರಮ್ಮನೂ ಹೊಟ್ಟೆತುಂಬ ಉಂಡು, ಕೈತೊಳೆದು, ಕರೆತಂದದ್ದಕ್ಕಾಗಿ ನನ್ನನ್ನು ಸಾವಕಾಶವಾಗಿ ಬೈಯತೊಡಗಿದಳು. ಎರಡು ದಿನದ ಮೌನದ ಮೇಲೆ ಆ ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ನಾಲ್ಕಕ್ಕೆ ತಮ್ಮ ಹಡಗು ಕೂಗಿತು. ನಾನು ಗಂಗಹನುಮಯ್ಯನನ್ನು ಅಲುಗಿಸಹೋದರೆ ಇವಳು ತಡೆದಳು.

"ಉಂಡು ಮಲಗವ್ನೆ, ಪಾಪ. ಹಡಗೇನು ಓಡೋಯ್ತದಾ? ಬುಡಿ."

ಓಡಿಹೋಗುವುದಕ್ಕೆಂದೇ ಹಡಗು ಇರುವುದೆಂದು ನಾನು ವಿವರಿಸುತ್ತಿರುವಾಗ ಅದು ಇನ್ನೆರಡು ಸಲ ಕೂಗಿತು. ಅಡಿಗೆಯವನಿಲ್ಲದೆ ಹೊರಡಲಾರದೆ, ಕೊನೆಗೆ ತಾವೇ ಬಿಳಿಯ ಉಡುಪಿನಲ್ಲಿ, ಕೆಂಪು ಮುಖದಲ್ಲಿ ದಡಕ್ಕೆ ಬಿಜಯಂಗೈದಿರಿ. ಬೈಯಲೆಂದು ಬಾಯಿ ತೆರೆದಿರಿ. ಅದನ್ನು ಹಸಿವೆಂದು ತಿಳಿದ ಶಿವರುದ್ರಮ್ಮ ತಟ್ಟೆಯನ್ನು ಕೈಗಿಟ್ಟಳು. ತಾವು ತುತ್ತು ಮುರಿದಿರಿ, ಸಾರಿನಲ್ಲಿ ಅದ್ದಿದಿರಿ, ಬಾಯಿಗಿಟ್ಟಿರಿ. ಅಲ್ಲಿಯವರೆಗೆ ತಮ್ಮ ಮೇಲೆ ನನ್ನ ದೂರೇನೂ ಇಲ್ಲ. ಆಮೇಲೆ ತಾವು ಅಗಿದಿರಿ.

ಮಾನ್ಯರೇ, ಮುದ್ದೆಯನ್ನು ನುಂಗಬೇಕು. ಇಷ್ಟು ದೊಡ್ಡ ಹಡಗನ್ನು ನಡೆಸುವವರಿಗೆ ಇದನ್ನು ಯಾವ ಶಾಲೆಯಲ್ಲೂ ಕಲಿಸದಿದ್ದುದು ಉಪಾಧ್ಯಾಯನಾದ ನನಗೇ ನಾಚಿಕೆ. ಹಲ್ಲಿಗೆ ಹಲ್ಲು ಅಂಟಿ ತಾವು ಬಹಳ ಹೊತ್ತು ಮೌನವಾಗಿದ್ದುದರಿಂದ, ಹೊರಡಿರೆಂದು ಅಪ್ಪಣೆ ಕೊಡುವವರೇ ಇರಲಿಲ್ಲ. ಎಚ್ಚೆತ್ತ ಗಂಗಹನುಮಯ್ಯ ನುಂಗುವುದನ್ನು ಕಲಿಸಿಕೊಟ್ಟ ಮೇಲೆ ತಾವೇ ಇನ್ನೊಂದು ಕೇಳಿದಿರಿ, ಮತ್ತೆ ಎಸರಿಡಬೇಕಾಯಿತು. ಇಷ್ಟಾದರೂ ನೋಟೀಸಿನಲ್ಲಿ ವಿಳಂಬಕ್ಕೆ ಕಾರಣ ನಾವು ಬಡಿಸಿದ 'ಗುರುತು ಸಿಗದ ಕಂದು ಉಂಡೆ' ಎಂದಿತ್ತು.

ಮರುದಿನದಿಂದ ತಾವು ಶಿವರುದ್ರಮ್ಮನಿಗೆ ಒಂದು ಒಲೆಯನ್ನೂ ಹೊಸ ಪಾತ್ರೆಗಳನ್ನೂ ಬಿಟ್ಟುಕೊಟ್ಟಿರಿ. ಅದರ ಫಲವಾಗಿ, ಸಿಂಗಾಪುರದಲ್ಲಿ ಅವಳನ್ನು ಇಳಿಸಲು ಷಡಕ್ಷರಿಯೇ ಹಡಗಿನೊಳಗೆ ಬರಬೇಕಾಯಿತು. ಈಗ ಅವಳಿಗೆ ಅಮೃತೂರಿನ ಮನೆ ಅಲುಗಾಡುವುದಿಲ್ಲವೆಂಬ ಬೇಸರ.

ಆದ್ದರಿಂದ ನೋಟೀಸನ್ನು ತಿದ್ದಿ 'ಮುದ್ದೆ' ಎಂದು ದಪ್ಪಕ್ಷರದಲ್ಲಿ ಬರೆಸಬೇಕು. ಗಂಗಹನುಮಯ್ಯನಿಗೆ ಒಂದು ತಿಂಗಳು ರಜೆ ಕೊಡಬೇಕು. ಹುಲಿಯೂರುದುರ್ಗಕ್ಕೆ ಹೋಗಿ ನಿಂಗಮ್ಮನವರನ್ನು ಕಂಡು, ಅವರ ತಮ್ಮ ಬರುತ್ತಾನೆಂದು ನಾವು ಮಾತು ಕೊಟ್ಟುಬಿಟ್ಟಿದ್ದೇವೆ. ಈ ಪತ್ರವನ್ನು ತಮಗೆ ಓದಿ ಹೇಳುವವನೂ ಅವನೇ ಆದ್ದರಿಂದ, ರಜೆಯ ಸಾಲನ್ನು ಎರಡು ಸಲ ಓದಿದರೆ ಮನ್ನಿಸಬೇಕು. ಅವನನ್ನು ಬಿಟ್ಟಿರಲು ತಮಗೆ ಆಗದೆಂದಾದರೆ ಹಡಗನ್ನೇ ಕುಣಿಗಲ್ ಕೆರೆಗೆ ತಂದು ನಿಲ್ಲಿಸಬಹುದು. ಅಲ್ಲಿಂದ ದುರ್ಗಕ್ಕೆ ಬಸ್ಸಿದೆ.

ದಡದ ಮೇಲಿರುವವರೆಗೆ ತಮ್ಮ ವಿಶ್ವಾಸಿ,
ಚನ್ನಬಸವಯ್ಯ

ತಾ.ಕ.: ಮದರಾಸಿನಲ್ಲಿ ತಮ್ಮ ಹಡಗು ಹೊರಟದ್ದೇ ಎರಡು ದಿನ ತಡವಾಗಿ. ಅಲ್ಲಿ ಮುದ್ದೆ ಬಡಿಸಿದ ಪುಣ್ಯಾತ್ಮರು ಯಾರೆಂದು ತಿಳಿಸಿದರೆ ಶಿವರುದ್ರಮ್ಮ ಅವರಿಗೊಂದು ಕಾಗದ ಬರೆಯುತ್ತಾಳಂತೆ.